ಶಾಲು ಹೊದ್ದ ಕೋಣ

ವಿಶ್ವವಿದ್ಯಾಲಯದ ಚಿತ್ರಪ್ರದರ್ಶನದಲ್ಲಿ ವಿದ್ಯಾರ್ಥಿನಿಯೊಬ್ಬಳ ಕೋಣದ ಚಿತ್ರವಿತ್ತು. ಶಾಲು ಹೊದ್ದ ಆ ಕೋಣ ವಿಚಾರ ಸಂಕಿರಣದ ವೇದಿಕೆಯ ಮೇಲೆ ಕೂತು ಗೊರಕೆ ಹೊಡೆಯುತ್ತಿತ್ತು. ಸಂಕಿರಣಗಳಲ್ಲಿ ಕುಲಸಚಿವ ಇನಾಮದಾರರು ನಿದ್ದೆ ಹೋಗುವುದು ಎಲ್ಲರಿಗೂ ಗೊತ್ತಿತ್ತು. ಉದ್ಘಾಟನೆಗೆ ಬಂದ ಇನಾಮದಾರರು ಚಿತ್ರ ಕಂಡು ಕೆಂಡವಾದರು.

“ಈಗಲೇ ಇಳಿಸು! ಇಲ್ಲದಿದ್ದರೆ ನಾಳೆಯಿಂದ ಕೆಲಸಕ್ಕೆ ಬರಬೇಡ,” ಎಂದು ಸಭಾಂಗಣ ನೋಡಿಕೊಳ್ಳುವ ನೀಲವ್ವನಿಗೆ ಗದರಿದರು.

ನೀಲವ್ವ ಸೆರಗು ಸಿಕ್ಕಿಸಿಕೊಂಡು, ಎಲ್ಲರಿಗೂ ಕೇಳುವಂತೆ ಅಂದಳು: “ಇಳಸ್ತೀನ್ರಿ ಸಾಹೇಬ್ರ. ಆ ಹುಡುಗಿ ಯಾಕಂತ ಕೇಳಿದ್ರ ಏನ್ ಹೇಳ್ಲಿ?”

“ನನಗೆ ಅವಮಾನ ಅಂತ ಹೇಳು!”

“ಚಿತ್ರದಾಗ ಹೆಸರಿಲ್ಲ, ಬರೇ ಕೋಣ ಐತಿ. ಅದು ನೀವಂತ ನಿಮಗ ಹೆಂಗ ಗೊತ್ತಾತ್ರಿ?”

ನೆರೆದವರೆಲ್ಲ ಬಾಯಿಗೆ ಕೈ ಅಡ್ಡ ಹಿಡಿದರು. ಇನಾಮದಾರರ ಮುಖ ಹುಳ್ಳಗಾಯಿತು.

“ಅದು ನಾನಲ್ಲ!”

“ಹಂಗಾದ್ರ ಇರ್ಲಿ ಬಿಡ್ರಿ,” ಎಂದಳು ನೀಲವ್ವ. “ಯಾರದೋ ಕೋಣದ ಚಿಂತಿ ನಮಗ್ಯಾಕ?”