ಬೀಳ್ಕೊಡುಗೆಯ ಗ್ರೂಪ್ ಫೋಟೋ

ನಮ್ಮ ಕಚೇರಿಯ ಪರಶಿವಮೂರ್ತಿ ಸಾಹೇಬರಿಗೆ ಕೊನೆಗೂ ವರ್ಗವಾಯಿತು. ಬೀಳ್ಕೊಡುಗೆಯ ದಿನ ಗ್ರೂಪ್ ಫೋಟೋ. ಸಾಹೇಬರು ಹಾರ ಹಾಕಿಕೊಂಡು ನಡುವಿನ ಕುರ್ಚಿಯಲ್ಲಿ ಕೂತು ಅಪ್ಪಣೆ ಕೊಡಿಸಿದರು: "ಇದನ್ನ ಹೊಸ ಕಚೇರಿ ಗೋಡೆಗೆ ಹಾಕ್ತೀನಿ. ನೋಡಿದ ತಕ್ಷಣ ಇವರಿಗೆಲ್ಲ ಎಷ್ಟು ದುಃಖ ಅಂತ ಗೊತ್ತಾಗಬೇಕು!"

ಹಿಂದೆ ನಿಂತ ಹದಿನೆಂಟು ಮುಖಗಳೂ ಎಷ್ಟು ಬಿಗಿ ಹಿಡಿದರೂ ಅರಳುತ್ತಲೇ ಇದ್ದವು. ಫೋಟೋಗ್ರಾಫರ್ ಸೋತು ಕ್ಯಾಮೆರಾ ಇಳಿಸಿದ. ಆಗ ಜವಾನ ಈರಭದ್ರ ಹಿಂದೆ ಹೋಗಿ ಏನೋ ಪಿಸುಗುಟ್ಟಿದ. ಅಷ್ಟೂ ಮುಖಗಳು ಒಟ್ಟಿಗೇ ಬಾಡಿದವು. ಕ್ಲಿಕ್!

ಕ್ಯಾಮೆರಾದಲ್ಲೇ ಫೋಟೋ ನೋಡಿದ ಸಾಹೇಬರ ಕಣ್ಣು ತುಂಬಿ ಬಂತು. "ಏನಂದೆಯೋ ಇವರಿಗೆ?"

"ನಿಮ್ಮ ವರ್ಗ ರದ್ದಾಯ್ತು ಅಂದೆ ಸಾರ್. ದಯವಿಟ್ಟು ಬೇಗ ಜೀಪು ಹತ್ತಿಬಿಡಿ. ಸುಳ್ಳು ಅಂತ ಹೇಳಿದರೂ ಟೈಪಿಸ್ಟ್ ಗಿರಿಜಮ್ಮನೋರು ಅಳು ನಿಲ್ಲಿಸ್ತಾ ಇಲ್ಲ."