ಬಾಯಲ್ಲೇ ಉಳಿದ ಮೀನು

ಬತ್ತುತ್ತಿದ್ದ ಕೆರೆಯಲ್ಲಿ ದೊಡ್ಡ ಮೀನೊಂದು ಸಣ್ಣ ಮೀನನ್ನು ಬಾಲದ ಕಡೆಯಿಂದ ಅರ್ಧ ನುಂಗಿತು. ಸಣ್ಣದರ ರೆಕ್ಕೆಯ ಮುಳ್ಳು ಗಂಟಲಿಗೆ ಸಿಕ್ಕಿಕೊಂಡಿತು.

“ಉಗಿ ನನ್ನನ್ನು. ಕಾಲುವೆಯಲ್ಲಿ ಇನ್ನೂ ನೀರಿದೆ, ಇಬ್ಬರೂ ಹೊಳೆ ಸೇರಬಹುದು” ಎಂದು ಸಣ್ಣ ಮೀನು ಗದರಿತು.

“ಬಾಯಿಗೆ ಬಂದದ್ದನ್ನು ಬಿಡಲು ನನಗೇನು ತಲೆ ಕೆಟ್ಟಿದೆಯೇ?” ಎಂದ ದೊಡ್ಡದು ಹಲ್ಲನ್ನು ಇನ್ನಷ್ಟು ಬಿಗಿಯಿತು.

ನೀರು ಇಂಗಿತು, ಕೆಸರು ಇಬ್ಬರನ್ನೂ ಮುಚ್ಚಿತು. ಕೋಟಿಗಟ್ಟಲೆ ವರ್ಷಗಳ ಮೇಲೆ ಬಂಡೆ ಸೀಳಿದವರು ಕಲ್ಲಾಗಿದ್ದ ಜೋಡಿಯನ್ನು ಹಾಗೇ ಎತ್ತಿ ಗಾಜಿನ ಪೆಟ್ಟಿಗೆಯಲ್ಲಿಟ್ಟರು. ನೋಡಲು ಬಂದವರೊಬ್ಬರು, “ಎಂಥ ಬೇಟೆಗಾರ ನೋಡಿ” ಎಂದರು.

“ಕೇಳಿಸಿತೇ?” ಎಂದು ದೊಡ್ಡ ಮೀನು ಬೀಗಿತು.

“ಕೇಳಿಸಿತು” ಎಂದಿತು ಸಣ್ಣದು. “ನಮ್ಮಿಬ್ಬರ ಕುಲವೂ ಅಳಿಯಿತು. ನಿನ್ನ ಹೊಟ್ಟೆ ಇವತ್ತಿಗೂ ಖಾಲಿ ಇದೆಯಲ್ಲ, ಅದನ್ನೂ ಅವರಿಗೆ ಹೇಳು.”