ಜಗಲಿಯ ಮೇಲಿನ ಪಾಠ

"ಗುರುಗಳೇ, ನಮ್ಮ ಪಾಠಶಾಲೆಯ ವಿದ್ಯಾರ್ಥಿನಿಯೊಬ್ಬಳು ಬಸುರಿಯಾಗಿದ್ದಾಳೆ. ಮದುವೆಯಾಗಿಲ್ಲ. ಇಟ್ಟುಕೊಂಡರೆ ಮಠದ ಹೆಸರು ಕೆಡುತ್ತದೆ, ಕಳಿಸಿದರೆ ಅವಳ ಓದು ಕೆಡುತ್ತದೆ. ಏನು ಮಾಡಲಿ?" ಎಂದು ಪಾಠಶಾಲೆ ನೋಡಿಕೊಳ್ಳುತ್ತಿದ್ದ ಶಿಷ್ಯ ಕೇಳಿದ.

ಗುರುಗಳು ಹೇಳತೊಡಗಿದರು.

ಒಂದು ಊರಿನ ಮಠದಲ್ಲಿ ವಯಸ್ಸಿಗೆ ಬಂದ ಗಂಡಸರಿಗೂ ಹೆಂಗಸರಿಗೂ ಶಾಸ್ತ್ರ ಹೇಳಿಕೊಡುತ್ತಿದ್ದರು. ನೀಲಾಂಬಿಕೆ ಅಲ್ಲಿ ಕೊನೆಯ ವರ್ಷದವಳು. ಶಂಭುಲಿಂಗನೆಂಬ ಸಹಪಾಠಿಯನ್ನು ಮೆಚ್ಚಿದಳು, ಬಸುರಾದಳು. ವಿಷಯ ತಿಳಿದ ಮೇಲೆ ಅವನು ಅವಳ ಕಡೆ ತಲೆ ಹಾಕಲಿಲ್ಲ.

ಪಾಠಶಾಲೆಯ ಪಂಡಿತರು ಅವಳನ್ನು ಕರೆಸಿದರು.

"ನಾಳೆಯಿಂದ ಬರಬೇಡ."

"ಶಂಭುಲಿಂಗ?"

"ಅವನಿಗೆ ಈ ವರ್ಷ ಪರೀಕ್ಷೆಯಿದೆ."

"ನನಗೂ ಅದೇ ಪರೀಕ್ಷೆ" ಎಂದಳು ನೀಲಾಂಬಿಕೆ. ಪಂಡಿತರು ಮುಖ ತಿರುಗಿಸಿದರು.

ಅವಳು ಮನೆಗೆ ಹೋಗಿ ಅತ್ತಳು. ಬೆಳಗಾದಾಗ ತಲೆ ಬಾಚಿಕೊಂಡು, ಪುಸ್ತಕ ಹಿಡಿದು, ಬಂದೇ ಬಂದಳು. ಬಾಗಿಲು ಹಾಕಿತ್ತು. ಜಗಲಿಯ ಮೇಲೆ ಕೂತಳು. ಒಳಗೆ ಪಾಠ ಶುರುವಾದಾಗ ಹೊರಗಿನಿಂದ ತಾನೂ ದನಿಗೂಡಿಸಿದಳು. ಪಂಡಿತರು ಕಿಟಕಿ ಹಾಕಿಸಿದರು. ಅವಳು ದನಿ ಏರಿಸಿದಳು.

ಪಂಡಿತರು ಹೊರಗೆ ಬಂದರು. "ನಿನಗೆ ನಾಚಿಕೆಯಿಲ್ಲವೇ?"

"ಇದೆ ಅಯ್ಯಾ. ಪಾಠ ಬಿಡುವಷ್ಟು ಇಲ್ಲ."

ಅವಳು ಏಳಲಿಲ್ಲ. ದಾರಿಹೋಕರು ನಿಂತು ನೋಡಿದರು, ಕೆಲವರು ನಕ್ಕರು. ಅವಳು ಪುಸ್ತಕದಿಂದ ಕಣ್ಣು ಎತ್ತಲಿಲ್ಲ.

ಒಂದು ದಿನ ಗೆಳತಿ ಬಸಲಿಂಗಿ ಒಳಗಿನಿಂದ ಎದ್ದು ಬಂದು ಅವಳ ಪಕ್ಕ ಕೂತಳು. ಮರುದಿನ ಇನ್ನಿಬ್ಬರು ಬಂದರು. ಆಮೇಲೆ ಹೆಂಗಸರೆಲ್ಲ ಬಂದರು, ಅವರ ಹಿಂದೆ ಗಂಡಸರೂ ಒಬ್ಬೊಬ್ಬರಾಗಿ ಚಾಪೆ ಎತ್ತಿಕೊಂಡು ಬಂದರು. ಒಳಗೆ ಪಂಡಿತರೂ ಶಂಭುಲಿಂಗನೂ ಎದುರುಬದುರು ಕೂತಿದ್ದರು. ಪಂಡಿತರು ಒಂದು ಸಾಲು ಹೇಳಿದರು. ಶಂಭುಲಿಂಗ ಪುಸ್ತಕದ ಮೇಲೆ ತಲೆ ತಗ್ಗಿಸಿದ. ಹೊರಗೆ ಜಗಲಿ ತುಂಬ ಅದೇ ಸಾಲು ಮೊಳಗಿತು.

ಕೊನೆಗೆ ಪಂಡಿತರು ತಮ್ಮ ಮಣೆಯನ್ನು ತಾವೇ ಎತ್ತಿಕೊಂಡು ಹೊರಗೆ ಬಂದು, ನೀಲಾಂಬಿಕೆಯ ಎದುರಿಗೆ ಹಾಕಿ ಕೂತರು. "ಎಲ್ಲಿಗೆ ಬಂದಿದ್ದೆವು, ಮಗಳೇ?" ಎಂದು ಕೇಳಿದರು. ಅವಳು ಪುಟ ತೋರಿಸಿದಳು. ಶಂಭುಲಿಂಗ ತಡವಾಗಿ ಬಂದು ಎಲ್ಲರ ಹಿಂದೆ ಕೂತ. ಅವಳು ತಿರುಗಿ ನೋಡಲಿಲ್ಲ. ಪಾಠದ ಸಾಲು ತಪ್ಪಬಾರದಿತ್ತು.

ಪರೀಕ್ಷೆಯ ದಿನ ಬಸಲಿಂಗಿಯ ಮಡಿಲಲ್ಲಿ ಕೂಸು ಮಲಗಿತ್ತು. ನೀಲಾಂಬಿಕೆ ತುಂಬಿದ ಸಭೆಯ ಮುಂದೆ ನಿಂತು ಶಾಸ್ತ್ರ ವಿವರಿಸಿದಳು. ಕೇಳಿದ ಪ್ರಶ್ನೆಗೆಲ್ಲ ಉತ್ತರ ಕೊಟ್ಟಳು. ಕೂಸು ಎಚ್ಚೆತ್ತು ಅತ್ತಾಗ ಎತ್ತಿಕೊಂಡು, ಹೆಗಲಿಗೆ ಹಾಕಿ, ಬಿಟ್ಟ ಮಾತನ್ನು ಅಲ್ಲಿಂದಲೇ ಮುಂದುವರಿಸಿದಳು. ಮುಗಿಸಿದಾಗ ಸಭೆಗೆ ಸಭೆಯೇ ಎದ್ದು ನಿಂತಿತು. ಪಂಡಿತರು ತಾವು ಹೊದ್ದಿದ್ದ ಶಾಲನ್ನು ತೆಗೆದು ತಾಯಿ ಮಗು ಇಬ್ಬರಿಗೂ ಸೇರಿಸಿ ಹೊದಿಸಿದರು. ಅವಳು ಆ ಪಾಠಶಾಲೆಯಲ್ಲೇ ಗುರುವಾದಳು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನ ಮುಖ ಅರಳಿತ್ತು.

"ಅರ್ಥವಾಯಿತು ಗುರುಗಳೇ. ಆ ಹುಡುಗಿಯನ್ನು ನಾವು ಉಳಿಸಿಕೊಳ್ಳೋಣ."

"ಅವಳು ನಮ್ಮನ್ನು ಉಳಿಸಿಕೊಳ್ಳುತ್ತಾಳೋ ಇಲ್ಲವೋ, ಮೊದಲು ಹೋಗಿ ಕೇಳಿಕೊಂಡು ಬಾ" ಎಂದರು ಗುರುಗಳು.